ಅಡಿಕೆ ಮಂಡಿಯಲ್ಲಿ ಪವರ್ ಬಿಐ: ಉಳಿದಿದ್ದೆಲ್ಲ ಸರಿ, ಟೋಟಲ್ ಸಾಲು ಮಾತ್ರ ನೋಡ್ಕೊಳ್ಳಿ

ಮೊದಲೇ ಹೇಳಿಬಿಡುತ್ತೇನೆ, ಲೆಕ್ಕದ ಫೈಲು ಕೊಟ್ಟರೆ ಟೇಬಲ್, ಚಾರ್ಟು ಇರುವ ರಿಪೋರ್ಟ್ ಮಾಡಿಕೊಡುವ ಮೈಕ್ರೋಸಾಫ್ಟ್‌ನ ಪವರ್ ಬಿಐ ಡೆಸ್ಕ್‌ಟಾಪ್ ಒಳ್ಳೆಯ ಸಾಫ್ಟ್‌ವೇರ್. ಇಳಿಸಿಕೊಳ್ಳಲು ದುಡ್ಡು ಕೊಡಬೇಕಿಲ್ಲ. ಫೈಲುಗಳು ನಮ್ಮ ಕಂಪ್ಯೂಟರ್‌ನಲ್ಲೇ ಇದ್ದರೆ ನೆಟ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ, ಮಲೆನಾಡಿನ ಮಳೆಗಾಲ ನೋಡಿದವರಿಗೆ ಇದು ಸಣ್ಣ ವಿಷಯ ಅಲ್ಲ ಅಂತ ಗೊತ್ತು. ಟ್ಯಾಲಿಯಿಂದ ಎಕ್ಸೆಲ್‌ಗೆ ತೆಗೆದ ದೊಡ್ಡ ಫೈಲನ್ನೂ ಸಲೀಸಾಗಿ ನುಂಗುತ್ತದೆ. ಅಷ್ಟಾದ ಮೇಲೆ ನನ್ನ ತಕರಾರು ಒಂದೇ ಸಾಲಿನ ಬಗ್ಗೆ. ಟೇಬಲ್‌ನ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಬರುವ ಟೋಟಲ್ ಸಾಲು.

ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಬಣ್ಣ ಬಣ್ಣದ ಚಾರ್ಟು, ಮ್ಯಾಪು ಇವುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ವಿಡಿಯೋ ಇವೆ. ಮಂಡಿ ಯಜಮಾನರು ಚಾರ್ಟನ್ನು ನೋಡುವುದೂ ಇಲ್ಲ. ಫೋನ್ ಕೈಗೆ ತೆಗೆದುಕೊಂಡವರು ಸೀದಾ ಕೆಳಗೆ ಹೋಗಿ ಟೋಟಲ್ ನೋಡುತ್ತಾರೆ. ಅದು ತಪ್ಪಿದ್ದರೆ ಮೇಲಿನ ನೂರು ಸಾಲು ಸರಿ ಇದ್ದು ಏನು ಪ್ರಯೋಜನ?

ನಮ್ಮ ಡೇಟಾ ಸರಳ. ಒಂದು ಲಾಟ್‌ಗೆ, ಅಂದರೆ ಒಟ್ಟಿಗೆ ಮಾರಾಟಕ್ಕಿಟ್ಟ ಅಡಿಕೆಗೆ, ಒಂದು ಸಾಲು. ತಾರೀಕು, ರೈತರ ನಂಬರ್, ತಾಲ್ಲೂಕು, ಅಡಿಕೆ ಯಾವ ತರಹದ್ದು, ತೂಕ, ಕ್ವಿಂಟಲ್ ದರ, ಮೊತ್ತ. ನಮ್ಮ ಕಡೆ ಕೆಂಪಡಿಕೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ನಾಲ್ಕು ಬಗೆ, ನಾಲ್ಕಕ್ಕೂ ದರ ಬೇರೆ ಬೇರೆ. ಸರಕಿಗೆ ಎಲ್ಲಕ್ಕಿಂತ ಜಾಸ್ತಿ, ಗೊರಬಲಿಗೆ ಎಲ್ಲಕ್ಕಿಂತ ಕಡಿಮೆ. ಬರುವುದರಲ್ಲಿ ರಾಶಿಯೇ ಹೆಚ್ಚು. ಈ ಕೊನೆಯ ಮಾತು ನೆನಪಿರಲಿ, ಮುಂದಿನ ಲೆಕ್ಕವೆಲ್ಲ ಅದರ ಮೇಲೇ ನಿಂತಿದೆ.

ಉದಾಹರಣೆಗೆ ಸುಮ್ನೆ ಗುಂಡು ಅಂಕಿ ಹಾಕುತ್ತೇನೆ. ಇದು ಇವತ್ತಿನ ಮಾರುಕಟ್ಟೆ ದರ ಅಂತ ಯಾರೂ ಅಂದುಕೊಳ್ಳಬೇಡಿ. ರಾಶಿ 40 ಕ್ವಿಂಟಲ್, ದರ 50,000. ಬೆಟ್ಟೆ 8 ಕ್ವಿಂಟಲ್, 55,000. ಸರಕು 2 ಕ್ವಿಂಟಲ್, 80,000. ಗೊರಬಲು 10 ಕ್ವಿಂಟಲ್, 30,000. ಒಂದೊಂದು ಬಗೆಗೂ ಒಂದೇ ಲಾಟ್ ಅನ್ನಿ. ಎಲ್ಲ ಸೇರಿ 60 ಕ್ವಿಂಟಲ್, 29 ಲಕ್ಷ ರೂಪಾಯಿ.

ಈಗ ದರದ ಕಾಲಂ ಎಳೆದು ಟೇಬಲ್‌ಗೆ ಹಾಕಿ. ಕೆಳಗೆ ಟೋಟಲ್ 2,15,000 ಅಂತ ಬರುತ್ತದೆ. ನಾಲ್ಕು ದರ ಕೂಡಿಬಿಟ್ಟಿದೆ! ಅಂಕಿ ಇರುವ ಕಾಲಂ ಕಂಡರೆ ಪವರ್ ಬಿಐ ತಾನಾಗಿಯೇ ಕೂಡುತ್ತದೆ, ಹೆಸರಿನ ಪಕ್ಕ ಸಿಗ್ಮಾ ಗುರುತು ಇರುತ್ತದಲ್ಲ, ಅದರ ಅರ್ಥ ಅದೇ. ಇದು ಸುಲಭವಾಗಿ ಕಣ್ಣಿಗೆ ಬೀಳುವ ತಪ್ಪು, ಕ್ವಿಂಟಲ್‌ಗೆ ಎರಡು ಲಕ್ಷ ಅಂದರೆ ಊರಿಗೆ ಊರೇ ನಗುತ್ತದೆ. ಮೋಸ ಇರುವುದು ಮುಂದಿನ ಹೆಜ್ಜೆಯಲ್ಲಿ. ‘ಓ, ಕೂಡಬಾರದು, ಸರಾಸರಿ ಹಾಕಬೇಕು’ ಅಂತ ಸಮ್ ತೆಗೆದು ಆವರೇಜ್ ಹಾಕುತ್ತೇವೆ. ಟೋಟಲ್ 53,750 ಆಗುತ್ತದೆ. ನೋಡಲು ಎಷ್ಟು ಚೆನ್ನಾಗಿದೆ! ಯಾರಿಗೂ ಅನುಮಾನ ಬರುವುದಿಲ್ಲ. ಆದರೆ 29 ಲಕ್ಷವನ್ನು 60 ಕ್ವಿಂಟಲ್‌ಗೆ ಹಂಚಿ ನೋಡಿ, 48,333 ಬರುತ್ತದೆ. ಕ್ವಿಂಟಲ್‌ಗೆ ಐದು ಸಾವಿರದ ಮೇಲೆ ವ್ಯತ್ಯಾಸ. ಎರಡೇ ಕ್ವಿಂಟಲ್ ಸರಕಿಗೂ ನಲವತ್ತು ಕ್ವಿಂಟಲ್ ರಾಶಿಗೂ ಒಂದೇ ತೂಕ ಕೊಟ್ಟರೆ ಇನ್ನೇನಾಗುತ್ತದೆ.

ಹಾಗಾಗಿ ಕಾಲಂ ಬಿಟ್ಟು ಮೆಷರ್ ಬರೆಯಬೇಕು. ಮೆಷರ್ ಅಂದರೆ ನಾವೇ ಬರೆದು ಇಡುವ ಲೆಕ್ಕ, ಡ್ಯಾಕ್ಸ್ ಅನ್ನುವ ಭಾಷೆಯಲ್ಲಿ. ಈ ಡ್ಯಾಕ್ಸ್ ಪವರ್ ಬಿಐಗಿಂತ ಹಳೆಯದು. 2010ರಲ್ಲಿ ಎಕ್ಸೆಲ್‌ಗೆ ಪವರ್ ಪಿವಟ್ ಬಂದಾಗಲೇ ಅದೂ ಬಂತು, ಪವರ್ ಬಿಐ ಎಲ್ಲರ ಕೈಗೆ ಸಿಕ್ಕಿದ್ದು 2015ರ ಜುಲೈನಲ್ಲಿ. ನಮ್ಮ ಮೆಷರ್ ಒಂದೇ ಸಾಲು. ಮೊತ್ತದ ಸಮ್, ತೂಕದ ಸಮ್, ಮೊದಲನೆಯದನ್ನು ಎರಡನೆಯದರಿಂದ ಡಿವೈಡ್ ಫಂಕ್ಷನ್ ಹಾಕಿ ಭಾಗಿಸುವುದು. ಭಾಗಾಕಾರದ ಗೆರೆ ಹಾಕುವ ಬದಲು ಡಿವೈಡ್ ಯಾಕೆ ಅಂದರೆ, ತೂಕ ಸೊನ್ನೆ ಇದ್ದಾಗ ಅದು ಇನ್ಫಿನಿಟಿ ಅಂತ ಕಿರುಚದೆ ಸುಮ್ಮನೆ ಖಾಲಿ ಬಿಡುತ್ತದೆ. ಇಷ್ಟು ಬರೆದರೆ ರಾಶಿ ಮುಂದೆ 50,000, ಸರಕಿನ ಮುಂದೆ 80,000, ಟೋಟಲ್‌ನಲ್ಲಿ 48,333. ಸರಿಯಾದ ಉತ್ತರ, ಅದಕ್ಕಾಗಿ ಟೋಟಲ್‌ಗೆ ಅಂತ ಬೇರೆ ಏನೂ ಬರೆದಿಲ್ಲ.

ಪೂರ್ತಿ ಅಂಕ ಕೊಡುವುದು ನಾನು ಇಲ್ಲಿ. ಎಕ್ಸೆಲ್ ಪಿವಟ್‌ನಲ್ಲಿ ‘ಕ್ಯಾಲ್ಕುಲೇಟೆಡ್ ಫೀಲ್ಡ್’ ಅಂತ ಒಂದಿದೆ, ಅದರಲ್ಲಿ ದರ ಗುಣಿಸು ತೂಕ ಅಂತ ಕೊಟ್ಟು ನೋಡಿ. ಎಕ್ಸೆಲ್ ಮೊದಲು ದರಗಳನ್ನೆಲ್ಲ ಕೂಡುತ್ತದೆ, ತೂಕವನ್ನೆಲ್ಲ ಕೂಡುತ್ತದೆ, ಆಮೇಲೆ ಗುಣಿಸುತ್ತದೆ. 2,15,000 ಗುಣಿಸು 60. ಒಂದು ಕೋಟಿ 29 ಲಕ್ಷ! ಇಪ್ಪತ್ತೊಂಬತ್ತು ಲಕ್ಷದ ವ್ಯಾಪಾರಕ್ಕೆ ಹೆಚ್ಚುವರಿ ಒಂದು ಕೋಟಿ. ನಾಲ್ಕು ಬಗೆಗೂ ಒಂದೊಂದೇ ಲಾಟ್ ಇದ್ದರೆ ಮೇಲಿನ ಸಾಲುಗಳೆಲ್ಲ ಸರಿಯಾಗೇ ಇರುತ್ತವೆ, ಕೊನೆ ಸಾಲು ಮಾತ್ರ ಹಾರಿಹೋಗಿರುತ್ತದೆ. ಅದೇ ಕೆಲಸಕ್ಕೆ ಡ್ಯಾಕ್ಸ್‌ನಲ್ಲಿ ಸಮ್‌ಎಕ್ಸ್ ಇದೆ. ಲಾಟ್ ಲಾಟ್‌ಗೆ ಹೋಗಿ ದರ ಗುಣಿಸು ತೂಕ ಮಾಡಿ, ಬಂದದ್ದನ್ನು ಕೊನೆಗೆ ಕೂಡುತ್ತದೆ. ನಮ್ಮ ಮುನೀಮರು ಕೈಯಲ್ಲಿ ಪಟ್ಟಿ (ರೈತರಿಗೆ ಕೊಡುವ ಬಿಲ್ಲು) ಬರೆಯುತ್ತಿದ್ದಾಗ ಮಾಡುತ್ತಿದ್ದದ್ದೂ ಅದನ್ನೇ ಅಲ್ವಾ.

ಹಾಗಾದರೆ ತಕರಾರು ಎಲ್ಲಿ?

ಟೋಟಲ್ ಸಾಲು ಮೇಲಿನ ಸಾಲುಗಳನ್ನು ನೋಡುವುದೇ ಇಲ್ಲ, ಅಲ್ಲಿದೆ. ಇದು ತಲೆಗೆ ಹೋಗುವವರೆಗೆ ಪವರ್ ಬಿಐ ಸತಾಯಿಸುತ್ತದೆ. ಟೇಬಲ್‌ನ ಒಂದೊಂದು ಮನೆಗೂ ಅದು ಮೆಷರನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ರಾಶಿ ಸಾಲಿಗೆ ಬಂದಾಗ ಡೇಟಾಕ್ಕೆ ‘ರಾಶಿ ಮಾತ್ರ’ ಅಂತ ಫಿಲ್ಟರ್ ಬೀಳುತ್ತದೆ, ಉಳಿದದ್ದರ ಮೇಲೆ ಲೆಕ್ಕ ನಡೆಯುತ್ತದೆ. ಟೋಟಲ್ ಸಾಲಿಗೆ ಬಂದಾಗ ಆ ಫಿಲ್ಟರ್ ಇರುವುದಿಲ್ಲ, ಅಷ್ಟೆ. ಪೂರ್ತಿ ಡೇಟಾ ಹಿಡಿದುಕೊಂಡು ಅದೇ ಸೂತ್ರ ಇನ್ನೊಂದು ಸಲ. ಮೇಲೆ 15, 10 ಅಂತ ಬಂದಿದೆಯಾ, ಕೂಡಿದರೆ 25 ಆಗಬೇಕಲ್ವಾ ಅನ್ನುವ ಯೋಚನೆ ಅದಕ್ಕಿಲ್ಲ. ಸರಾಸರಿ ದರದಲ್ಲಿ ನಮ್ಮನ್ನು ಕಾಪಾಡಿದ ಇದೇ ಗುಣ ಬೇರೆ ಕಡೆ ತಲೆ ಕೆಡಿಸುತ್ತದೆ.

ಎಲ್ಲಿ ಅಂತ ತೋರಿಸುತ್ತೇನೆ. ಯಜಮಾನರು ತಾಲ್ಲೂಕಿಗೆ ಇಷ್ಟು ಕ್ವಿಂಟಲ್ ಬರಬೇಕು ಅಂತ ಗುರಿ ಇಡುತ್ತಾರೆ. ಗುರಿಗಿಂತ ಎಷ್ಟು ಕಡಿಮೆ ಬಂತು ಅನ್ನುವ ಕಾಲಂ ಬೇಕು. ಜಾಸ್ತಿ ಬಂದಿದ್ದರೆ ಸೊನ್ನೆ. ತೀರ್ಥಹಳ್ಳಿ ಗುರಿ 100, ಬಂದದ್ದು 130, ಕೊರತೆ ಸೊನ್ನೆ. ಹೊಸನಗರ ಗುರಿ 80, ಬಂದದ್ದು 65, ಕೊರತೆ 15. ಸಾಗರ ಗುರಿ 90, ಬಂದದ್ದು 80, ಕೊರತೆ 10. ಮೆಷರ್ ಕಷ್ಟದ್ದಲ್ಲ, ಗುರಿಯಲ್ಲಿ ಬಂದದ್ದನ್ನು ಕಳೆದು, ಅದೂ ಸೊನ್ನೆಯೂ ಎರಡರಲ್ಲಿ ದೊಡ್ಡದನ್ನು ಮ್ಯಾಕ್ಸ್ ಹಾಕಿ ತೆಗೆದುಕೊಳ್ಳುವುದು. ಮೂರು ಸಾಲೂ ಸರಿ ಬರುತ್ತವೆ. ಟೋಟಲ್?

ಸೊನ್ನೆ.

ಯಾಕೆಂದರೆ ಒಟ್ಟು ಗುರಿ 270, ಒಟ್ಟು ಬಂದದ್ದು 275. ಐದು ಜಾಸ್ತಿಯೇ ಬಂದಿದೆ, ಕೊರತೆ ಎಲ್ಲಿಂದ ಬಂತು ಅನ್ನುತ್ತದೆ ಅದು. ಬೆಂಗಳೂರಿನವರೊಬ್ಬರು ಈ ರಿಪೋರ್ಟ್ ಮಾಡಿಕೊಟ್ಟಿದ್ದರು, ಹೆಸರು ಬೇಡ ಬಿಡಿ. ಯಜಮಾನರು ನೋಡಿದವರೇ ಕರೆದರು.

“ಇದೆಂತ ಮಾರಾಯ, ಹದಿನೈದು, ಹತ್ತು, ಕೂಡಿದ್ರೆ ಸೊನ್ನೆಯಾ?”

“ಒಟ್ಟಿಗೆ ನೋಡಿದ್ರೆ ಐದು ಕ್ವಿಂಟಲ್ ಹೆಚ್ಚೇ ಬಂದಿದೆ ಯಜಮಾನ್ರೇ. ತೀರ್ಥಹಳ್ಳೀಲಿ ಉಳಿದದ್ದನ್ನು ಅದು ಹೊಸನಗರಕ್ಕೆ ಹೊಂದಿಸ್ಬಿಟ್ಟಿದೆ.”

“ಹೊಂದಿಸ್ಲಿಕ್ಕೆ ಅದ್ಯಾರು? ಹೊಸನಗರಕ್ಕೆ ಕಳಿಸಿದ ಲಾರಿ ಅರ್ಧ ಖಾಲಿ ಬಂದಿದೆ. ಬಾಡಿಗೆ ತೀರ್ಥಹಳ್ಳಿಯವ್ರು ಕೊಡ್ತಾರಾ?”

ಸರಿಯಾದ ಪ್ರಶ್ನೆ. ಮಾಡಿಕೊಟ್ಟವರು ಕೇಳಬೇಕಿದ್ದದ್ದೂ ಇದನ್ನೇ. ಒಂದು ಕಡೆಯ ಹೆಚ್ಚು ಇನ್ನೊಂದು ಕಡೆಯ ಕಡಿಮೆಯನ್ನು ಮುಚ್ಚಬಹುದಾ, ಬಾರದಾ? ಮುಚ್ಚಬಹುದು ಅಂದರೆ ಸೊನ್ನೆಯೇ ಸರಿ. ಬಾರದು ಅಂದರೆ 25. ಇದನ್ನು ತೀರ್ಮಾನ ಮಾಡಬೇಕಾದವರು ಲಾರಿ ಬಾಡಿಗೆ ಕೊಡುವವರು, ಸಾಫ್ಟ್‌ವೇರ್ ಅಲ್ಲ.

25 ಬರಬೇಕಾದರೆ ಇನ್ನೊಂದು ಮೆಷರ್ ಬರೆಯಬೇಕು. ಸಮ್‌ಎಕ್ಸ್ ತೆಗೆದುಕೊಂಡು, ಅದರೊಳಗೆ ಮೊದಲು ತಾಲ್ಲೂಕು ಕಾಲಮ್ಮಿನ ವ್ಯಾಲ್ಯೂಸ್, ಆಮೇಲೆ ಹಳೆಯ ಕೊರತೆ ಮೆಷರ್. ಅಂದರೆ, ಒಂದೊಂದೇ ತಾಲ್ಲೂಕು ಹಿಡಿ, ಅಲ್ಲಿ ಕೊರತೆ ಲೆಕ್ಕ ಹಾಕು, ಬಂದದ್ದನ್ನೆಲ್ಲ ಕೂಡು. ಹೊಸನಗರದ ಸಾಲಿನಲ್ಲಿ ತಾಲ್ಲೂಕು ಒಂದೇ ಇರುವುದರಿಂದ ಉತ್ತರ ಬದಲಾಗುವುದಿಲ್ಲ. ಟೋಟಲ್‌ನಲ್ಲಿ ಮೂರೂ ತಾಲ್ಲೂಕು ಸಿಗುವುದರಿಂದ 0, 15, 10 ಕೂಡಿ 25 ಬರುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ, ತುಂಬಾ ಜನ ಇಲ್ಲೇ ಎಡವುತ್ತಾರೆ. ಸಮ್‌ಎಕ್ಸ್ ಒಳಗೆ ಮೆಷರ್ ಹೆಸರು ಹಾಕಿದರೆ ಆ ತಾಲ್ಲೂಕಿನ ಫಿಲ್ಟರ್ ತಾನಾಗಿ ಬೀಳುತ್ತದೆ. ಮೆಷರ್ ಬಿಟ್ಟು ನೇರವಾಗಿ ‘ಗುರಿಯ ಸಮ್ ಕಳೆ ತೂಕದ ಸಮ್’ ಅಂತ ಬರೆದರೆ ಬೀಳುವುದಿಲ್ಲ, ಪ್ರತಿ ತಾಲ್ಲೂಕಿಗೂ ಇಡೀ ಜಿಲ್ಲೆಯ ಲೆಕ್ಕವನ್ನೇ ಹಾಕಿ ಅದನ್ನೇ ಮತ್ತೆ ಮತ್ತೆ ಕೂಡುತ್ತದೆ. ಹಾಗೆ ಬರೆಯಲೇಬೇಕು ಅಂದರೆ ಸುತ್ತ ಕ್ಯಾಲ್ಕುಲೇಟ್ ಅನ್ನುವ ಫಂಕ್ಷನ್ ಹಾಕಬೇಕು. ಎರಡು ಸೂತ್ರಗಳೂ ನೋಡಲು ಒಂದೇ ತರಹ, ಉತ್ತರ ಮಾತ್ರ ಬೇರೆ. ಕಲಿಯುವವರಿಗೆ ಇದನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು, ಸಾಫ್ಟ್‌ವೇರ್ ಏನೂ ಎಚ್ಚರಿಕೆ ಕೊಡುವುದಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಗುರಿ ತಿಂಗಳು ತಿಂಗಳಿಗೆ ಇದ್ದರೆ? ಸಾಗರದ 90ನ್ನು ನವೆಂಬರ್‌ಗೆ 45, ಡಿಸೆಂಬರ್‌ಗೆ 45 ಅಂತ ಹಂಚಿದ್ದೇವೆ ಅನ್ನಿ. ನವೆಂಬರ್‌ನಲ್ಲಿ 30 ಬಂತು, ಕೊಯ್ಲು ತಡ. ಡಿಸೆಂಬರ್‌ನಲ್ಲಿ 50 ಬಂತು. ಎರಡು ತಿಂಗಳು ಸೇರಿಸಿದರೆ ಕೊರತೆ 10. ತಿಂಗಳ ಲೆಕ್ಕದಲ್ಲಿ ನವೆಂಬರ್‌ನ 15 ಹಾಗೇ ಉಳಿಯುತ್ತದೆ, ಡಿಸೆಂಬರ್‌ನ ಹೆಚ್ಚುವರಿ 5 ಅದನ್ನು ತುಂಬುವುದಿಲ್ಲ. ಹೊಸನಗರದ್ದು ಎರಡು ರೀತಿಯಲ್ಲೂ 15 ಅಂತ ಇಟ್ಟುಕೊಂಡರೆ ಒಟ್ಟು ಕೊರತೆ 30. ಒಂದೇ ಡೇಟಾ, ಒಂದೇ ಗುರಿ. ಉತ್ತರ 0, 25, 30. ಮೂರೂ ಸರಿ, ಯಾವ ಮಟ್ಟದಲ್ಲಿ ಕೇಳುತ್ತಿದ್ದೇವೆ ಅನ್ನುವುದರ ಮೇಲೆ. 30 ಬೇಕಾದರೆ ವ್ಯಾಲ್ಯೂಸ್ ಜಾಗದಲ್ಲಿ ಸಮ್ಮರೈಸ್ ಹಾಕಿ ತಾಲ್ಲೂಕು, ತಿಂಗಳು ಎರಡರ ಜೋಡಿ ಕೊಡಬೇಕು. ಆದರೆ ಆ ಸಮ್ಮರೈಸನ್ನು ಮಾರಾಟದ ಟೇಬಲ್ ಮೇಲೆ ಕಟ್ಟಿದರೆ ಒಂದೂ ಚೀಲ ಬರದ ತಿಂಗಳು ಅದರ ಪಟ್ಟಿಯಲ್ಲೇ ಇರುವುದಿಲ್ಲ. ಪೂರ್ತಿ ಕೊರತೆ ಇರುವ ತಿಂಗಳೇ ಮಾಯ! ಗುರಿಯ ಟೇಬಲ್ ಮೇಲೆ ಕಟ್ಟಿ.

ಇಷ್ಟು ಗೊತ್ತಾದ ಮೇಲೆ ಇನ್ನೊಂದು ಚಟ ಹತ್ತುತ್ತದೆ. ಎಲ್ಲ ಟೋಟಲ್‌ಗೂ ಸಮ್‌ಎಕ್ಸ್ ಹೊಡೆಯುವುದು. ನಮಗೆ ಬಂದ ರಿಪೋರ್ಟ್‌ನಲ್ಲಿ ಎರಡನೇ ಸುತ್ತಿನಲ್ಲಿ ಆದದ್ದು ಇದೇ. ‘ಟೋಟಲ್ ತಪ್ಪು’ ಅಂತ ಹೇಳಿ ಕಳಿಸಿದ್ದಕ್ಕೆ, ಇದ್ದ ಮೆಷರ್‌ಗಳಿಗೆಲ್ಲ ಅದೇ ಮದ್ದು ಹಾಕಿ ವಾಪಸ್ ಕಳಿಸಿದರು. ಎಷ್ಟು ರೈತರು ಅಡಿಕೆ ತಂದರು ಅನ್ನುವ ಕಾಲಂ ಹಾಳಾಯಿತು. ಒಬ್ಬರೇ ರೈತರು ರಾಶಿಯನ್ನೂ ತರುತ್ತಾರೆ, ಗೊರಬಲನ್ನೂ ತರುತ್ತಾರೆ. ರಾಶಿ ತಂದವರು 22, ಬೆಟ್ಟೆ 9, ಸರಕು 3, ಗೊರಬಲು 14 ಅಂದುಕೊಳ್ಳಿ. ಕೂಡಿದರೆ 48. ಆದರೆ ಬಂದ ಜನ 31 ಮಾತ್ರ. ಡಿಸ್ಟಿಂಕ್ಟ್‌ಕೌಂಟ್ (ಒಬ್ಬರನ್ನು ಒಂದೇ ಸಲ ಎಣಿಸುವ ಫಂಕ್ಷನ್) ಹಾಕಿದ ಮಾಮೂಲಿ ಮೆಷರ್ ಟೋಟಲ್‌ನಲ್ಲಿ 31 ಅಂತಲೇ ತೋರಿಸುತ್ತದೆ, ಮೇಲಿನ ಸಾಲುಗಳಿಗೆ ಹೊಂದದಿದ್ದರೂ ಅದೇ ನಿಜ. ಸಮ್‌ಎಕ್ಸ್ ಹಾಕಿದರೆ 48. ಹೊಸ ವರ್ಷಕ್ಕೆ ರೈತರಿಗೆ ಕೊಡುವ ಕ್ಯಾಲೆಂಡರ್ ಮಾಡಿಸಲು ಪ್ರೆಸ್‌ಗೆ ಯಾವ ಅಂಕಿ ಹೇಳುತ್ತೀರಿ? ಕೂಡಿ ಬರದ ಟೋಟಲ್ ಎಲ್ಲ ತಪ್ಪಲ್ಲ, ಕೂಡಿ ಬಂದದ್ದೆಲ್ಲ ಸರಿಯೂ ಅಲ್ಲ.

ದಾಸ್ತಾನಿನ ಲೆಕ್ಕ ಇನ್ನೊಂದು ಜಾತಿ. ಶಿವಮೊಗ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮಳೆಗಾಲದಲ್ಲಿ ಪೇಪರ್ ತೆಗೆದರೆ ಮೊದಲು ನೋಡುವುದೇ ಲಿಂಗನಮಕ್ಕಿ ಎಷ್ಟಾಯ್ತು ಅಂತ. ಪೂರ್ಣ ಮಟ್ಟ 1,819 ಅಡಿ. ಮೂವತ್ತು ದಿನದ ಮಟ್ಟವನ್ನು ಕೂಡಿ ಈ ತಿಂಗಳು ಇಷ್ಟು ಸಾವಿರ ಅಡಿ ನೀರು ಅಂತ ಯಾರೂ ಹೇಳುವುದಿಲ್ಲ, ತಿಂಗಳ ಕೊನೆಗೆ ಎಷ್ಟಿತ್ತು ಅಂತ ಕೇಳುತ್ತೇವೆ. ಗೋಡೌನ್ ಚೀಲಗಳೂ ಹಾಗೇ. ಗೋಡೌನ್‌ನಿಂದ ಗೋಡೌನ್‌ಗೆ ಕೂಡಬಹುದು, ದಿನದಿಂದ ದಿನಕ್ಕೆ ಕೂಡಬಾರದು.

ಇದಕ್ಕೆ ಡ್ಯಾಕ್ಸ್‌ನಲ್ಲಿ ಲಾಸ್ಟ್‌ಡೇಟ್ ಇದೆ, ಲಾಸ್ಟ್‌ನಾನ್‌ಬ್ಲ್ಯಾಂಕ್ ಇದೆ. ಮೊದಲನೆಯದು ಕ್ಯಾಲೆಂಡರ್‌ನ ಕೊನೆ ದಿನ ಹಿಡಿಯುತ್ತದೆ. ಆ ದಿನ ಭಾನುವಾರ ಆಗಿ ಎಂಟ್ರಿ ಇಲ್ಲದಿದ್ದರೆ ಖಾಲಿ. ಎರಡನೆಯದು ಎಂಟ್ರಿ ಇರುವ ಕೊನೆ ದಿನ ಹುಡುಕುತ್ತದೆ, ನಮಗೆ ಬೇಕಿರುವುದು ಅದು. ಆದರೂ ಒಂದು ತೂತು ಉಳಿಯುತ್ತದೆ. ಎರಡು ಗೋಡೌನ್ ಇವೆ ಅನ್ನಿ. ಒಂದರಲ್ಲಿ ಕೊನೆ ಎಂಟ್ರಿ 30ನೇ ತಾರೀಕು, 420 ಚೀಲ. ಇನ್ನೊಂದರಲ್ಲಿ 31ನೇ ತಾರೀಕು, 180 ಚೀಲ. ಸಾಲಿನಲ್ಲಿ ಎರಡೂ ಸರಿ ಬರುತ್ತವೆ. ಟೋಟಲ್ 180! ಎರಡನ್ನೂ ಒಟ್ಟಿಗೆ ನೋಡಿದಾಗ ಕೊನೆ ದಿನ 31, ಆ ದಿನ ಮೊದಲನೇ ಗೋಡೌನ್‌ನ ಎಂಟ್ರಿಯೇ ಇಲ್ಲ. ಇಲ್ಲಿ ಸಮ್‌ಎಕ್ಸ್ ಬೇಕೇ ಬೇಕು, ಒಂದೊಂದು ಗೋಡೌನ್‌ಗೂ ಅದರದ್ದೇ ಕೊನೆ ದಿನ ಹಿಡಿದು ಕೂಡಲು. ಆಗ 600. ನಾಲ್ಕುನೂರಿಪ್ಪತ್ತು ಚೀಲ ರಿಪೋರ್ಟ್‌ನಲ್ಲಿ ಕಾಣೆಯಾದರೆ ಗೋಡೌನ್ ಹುಡುಗನ ಮೇಲೆ ಅನುಮಾನ ಬರುತ್ತದೆ, ಫಾರ್ಮುಲಾ ಮೇಲೆ ಬರುವುದಿಲ್ಲ.

ರೂಪಾಯಿ ರೌಂಡ್ ಮಾಡುವ ವಿಷಯವನ್ನೂ ಬೇಗ ಹೇಳಿ ಮುಗಿಸುತ್ತೇನೆ. ಮೂರು ಪಟ್ಟಿಯಲ್ಲಿ ಖರ್ಚು 100.40, 200.40, 300.40. ಪೈಸೆ ತೋರಿಸಬೇಡ ಅಂತ ಫಾರ್ಮ್ಯಾಟ್ ಕೊಟ್ಟರೆ 100, 200, 300 ಅಂತ ಕಾಣುತ್ತದೆ, ಕೆಳಗೆ 601. ಫಾರ್ಮ್ಯಾಟ್ ಕಣ್ಣಿಗೆ ಮಾತ್ರ, ಒಳಗೆ ಪೈಸೆ ಹಾಗೇ ಇದೆ. ರೈತರಿಗೆ ಕೊಟ್ಟ ಪಟ್ಟಿಯಲ್ಲೇ ರೌಂಡ್ ಮಾಡಿದ್ದರೆ ಪಟ್ಟಿ ಪಟ್ಟಿಗೆ ರೌಂಡ್ ಮಾಡಿ ಸಮ್‌ಎಕ್ಸ್‌ನಲ್ಲಿ ಕೂಡಬೇಕು, ಆಗಲೇ ಟ್ಯಾಲಿ ಜೊತೆ ತಾಳೆ ಆಗುತ್ತದೆ. ಒಂದು ರೂಪಾಯಿಗೆ ಇಷ್ಟು ಗಲಾಟೆ ಯಾಕೆ ಅನ್ನುವವರು ಆಡಿಟರ್ ಮುಂದೆ ಕೂತಿಲ್ಲ ಅಂತ ಅರ್ಥ.

ಟೋಟಲ್‌ಗೆ ಅರ್ಥವೇ ಇಲ್ಲದ ಕಾಲಂಗಳೂ ಇರುತ್ತವೆ. ಅಂಥ ಕಡೆ ಖಾಲಿ ಬಿಡುವುದೇ ಮರ್ಯಾದೆ. ಇದಕ್ಕೆ, ಒಂದೇ ಬಗೆ ಉಳಿದಿದೆಯಾ ಅಂತ ನೋಡುವ ಹ್ಯಾಸ್‌ಒನ್‌ವ್ಯಾಲ್ಯೂ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಸ್ಲೈಸರ್‌ನಲ್ಲಿ (ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳುವ ಗುಂಡಿಗಳು) ರಾಶಿ ಒಂದನ್ನೇ ಒತ್ತಿ ನೋಡಿ, ಟೋಟಲ್ ಸಾಲಿನಲ್ಲೂ ಒಂದೇ ಬಗೆ ಉಳಿಯುವುದರಿಂದ ಅದಕ್ಕೆ ಗೊಂದಲ ಆಗುತ್ತದೆ, ಖಾಲಿ ಇರಬೇಕಾದ ಕಡೆ ಅಂಕಿ ಬಂದು ಕೂರುತ್ತದೆ. ಇಸ್‌ಇನ್‌ಸ್ಕೋಪ್ ಅದಕ್ಕಿಂತ ಮೇಲು, ಇದು ಬಗೆಯ ಸಾಲಾ ಟೋಟಲ್ ಸಾಲಾ ಅಂತ ಸರಿಯಾಗಿ ಗುರುತಿಸುತ್ತದೆ. ಇಷ್ಟೆಲ್ಲ ರಗಳೆ ಬೇಡ ಅಂದರೆ ಫಾರ್ಮ್ಯಾಟ್‌ನಲ್ಲಿ ಟೋಟಲ್ಸ್ ಆಫ್ ಮಾಡಿ. ನಾನು ಎಷ್ಟೋ ಟೇಬಲ್‌ಗೆ ಅದನ್ನೇ ಮಾಡಿದ್ದೇನೆ.

2024ರಲ್ಲಿ ಬಂದ ವಿಶುವಲ್ ಕ್ಯಾಲ್ಕುಲೇಷನ್ ಬಗ್ಗೆಯೂ ಒಂದು ಮಾತು. ಟೇಬಲ್‌ನಲ್ಲಿ ಕಾಣುವ ಅಂಕಿಗಳ ಮೇಲೇ ನೇರ ಲೆಕ್ಕ ಮಾಡಬಹುದು, ರನ್ನಿಂಗ್ ಟೋಟಲ್‌ಗೆ ಬಹಳ ಚೆನ್ನಾಗಿದೆ. ಆದರೆ ಆ ಲೆಕ್ಕ ಆ ಟೇಬಲ್‌ನಲ್ಲೇ ಉಳಿಯುತ್ತದೆ, ಬೇರೆ ಪೇಜ್‌ಗೆ ಬೇಕಾದರೆ ಮತ್ತೆ ಬರೆಯಬೇಕು. ಮೆಷರ್‌ಗೆ ಇದು ಬದಲಿ ಅಲ್ಲ.

ಉಳಿದ ಕಿರಿಕಿರಿಗಳು. 29 ಲಕ್ಷವನ್ನು, ಒಂದೇ ಅಂಕಿ ದೊಡ್ಡದಾಗಿ ತೋರಿಸುವ ಕಾರ್ಡ್‌ನಲ್ಲಿ ಎರಡು ಪಾಯಿಂಟ್ ಒಂಬತ್ತು ಎಂ ಅಂತ ತೋರಿಸುತ್ತದೆ, ಮಿಲಿಯನ್ ಲೆಕ್ಕ ನಮ್ಮ ಎಪಿಎಂಸಿ ಯಾರ್ಡ್‌ನಲ್ಲಿ ಯಾರಿಗೆ ಬೇಕು? ಡಿಸ್‌ಪ್ಲೇ ಯೂನಿಟ್ಸ್‌ಗೆ ಹೋಗಿ ನನ್ ಅಂತ ಕೊಟ್ಟರೆ ಪೂರ್ತಿ ಅಂಕಿ ಬರುತ್ತದೆ. ಡೆಸ್ಕ್‌ಟಾಪ್ ವಿಂಡೋಸ್ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಊರಿನ ಹೆಸರು ವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ, ಅದು ಪವರ್ ಬಿಐ ತಪ್ಪಲ್ಲ, ಮೊದಲೇ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಇದನ್ನು ಸುಮ್ನೆ ಸೌಂದರ್ಯದ ವಿಷಯ ಅಂತ ಬಿಡಬೇಡಿ, ಟೋಟಲ್‌ಗೂ ಸಂಬಂಧ ಇದೆ. ಮಾರಾಟದ ಶೀಟ್‌ನಲ್ಲಿ ಬರೆದ ತಾಲ್ಲೂಕಿನ ಹೆಸರು ತಾಲ್ಲೂಕು ಪಟ್ಟಿಯ ಹೆಸರಿಗೆ ಹೊಂದದಿದ್ದರೆ ಟೇಬಲ್‌ನಲ್ಲಿ ಹೆಸರಿಲ್ಲದ ಒಂದು ಖಾಲಿ ಸಾಲು ಹುಟ್ಟುತ್ತದೆ, ಆ ಅಡಿಕೆಯೆಲ್ಲ ಅಲ್ಲಿಗೆ ಹೋಗಿ ಬೀಳುತ್ತದೆ. ವ್ಯಾಲ್ಯೂಸ್ ಆ ಖಾಲಿ ಸಾಲನ್ನೂ ಎಣಿಸುತ್ತದೆ, ಡಿಸ್ಟಿಂಕ್ಟ್ ಎಣಿಸುವುದಿಲ್ಲ. ಎರಡೂ ಒಂದೇ ಅಂತ ತಿಳಿದು ಅದಲು ಬದಲು ಮಾಡಿದರೆ ಟೋಟಲ್ ಮತ್ತೆ ಕೈಕೊಡುತ್ತದೆ.

ಬೇರೆ ಸಾಫ್ಟ್‌ವೇರ್ ಜೊತೆ ಹೋಲಿಸಿದರೆ? ಟ್ಯಾಬ್ಲೋದಲ್ಲಿ ಟೋಟಲ್ ಸಾಲಿಗೆ ಆಟೊಮ್ಯಾಟಿಕ್ ಬೇಕಾ, ಸಮ್ ಬೇಕಾ, ಆವರೇಜ್ ಬೇಕಾ ಅಂತ ಆರಿಸಿಕೊಳ್ಳಬಹುದು, ಈ ಒಂದು ವಿಷಯದಲ್ಲಿ ಅದು ನನಗೆ ಹಿಡಿಸಿತು. ಆಟೊಮ್ಯಾಟಿಕ್ ಅಂದರೆ ಪವರ್ ಬಿಐ ಮಾಡುವಂತೆ ಮೂಲ ಡೇಟಾದಿಂದ ಮತ್ತೆ ಲೆಕ್ಕ ಹಾಕುವುದು. ಗೂಗಲ್‌ನ ಲುಕರ್ ಸ್ಟುಡಿಯೋ ಕೂಡ ಟೋಟಲ್ ಸಾಲನ್ನು ಹೊಸದಾಗಿಯೇ ಲೆಕ್ಕ ಹಾಕುತ್ತದೆ. ಅಂದರೆ ಇದು ಒಂದು ಕಂಪನಿಯ ಹುಚ್ಚಲ್ಲ, ರಿಪೋರ್ಟ್ ಸಾಫ್ಟ್‌ವೇರ್‌ಗಳು ನಡೆಯುವ ದಾರಿಯೇ ಇದು. ಪವರ್ ಬಿಐ ಮೇಲೆ ನನ್ನ ಸಿಟ್ಟು ಇಷ್ಟೇ, ಆ ಸಾಲಿಗೆ ‘ಟೋಟಲ್’ ಅಂತ ಹೆಸರಿಟ್ಟು ಮೇಲಿನದ್ದೆಲ್ಲ ಕೂಡಿದ್ದೇನೆ ಅನ್ನುವ ಮುಖ ಮಾಡಿಕೊಂಡು ಕೂರುತ್ತದೆ. ಆ ಹೆಸರನ್ನು ಬದಲಾಯಿಸಲು ಬರುತ್ತದೆ ಅನ್ನುವುದು ಸಮಾಧಾನ. ದರದ ಟೇಬಲ್‌ನಲ್ಲಿ ನಾನು ‘ಒಟ್ಟಾರೆ ಸರಾಸರಿ’ ಅಂತ ಇಟ್ಟಿದ್ದೇನೆ, ಯಜಮಾನರ ಪ್ರಶ್ನೆಗಳು ಅರ್ಧಕ್ಕರ್ಧ ಕಡಿಮೆ ಆದವು. ಡ್ಯಾಕ್ಸ್ ಬರೆಯಲು ಭಯ ಇದ್ದವರಿಗೆ ಕ್ವಿಕ್ ಮೆಷರ್ ಅಂತ ಇದೆ, ಅದರಲ್ಲಿ ತೂಕ ಹಿಡಿದು ಸರಾಸರಿ ತೆಗೆಯುವುದೂ ಸಿದ್ಧ ಸಿಗುತ್ತದೆ. ಅದು ಬರೆದುಕೊಟ್ಟ ಸೂತ್ರವನ್ನು ತೆರೆದು ಓದಿ, ಕಲಿಯಲು ಒಳ್ಳೆಯ ದಾರಿ.

ಯಾರು ಕೊಳ್ಳಬೇಕು, ಎಷ್ಟು ಖರ್ಚು? ಒಬ್ಬರೇ ಕೂತು ರಿಪೋರ್ಟ್ ಮಾಡುವುದಾದರೆ ಡೆಸ್ಕ್‌ಟಾಪ್ ಸಾಕು, ಪೈಸೆ ಖರ್ಚಿಲ್ಲ. ನೆಟ್‌ನಲ್ಲಿ ಹಾಕಿ ನಾಲ್ಕು ಜನರ ಜೊತೆ ಹಂಚಿಕೊಳ್ಳಬೇಕಾದರೆ ಪ್ರೋ ಲೈಸೆನ್ಸ್ ಬೇಕು, ಕಳಿಸುವವರಿಗೂ ನೋಡುವವರಿಗೂ. 2025ರ ಏಪ್ರಿಲ್‌ನಿಂದ ಅದರ ಪಟ್ಟಿ ಬೆಲೆ ತಲೆಗೆ ತಿಂಗಳಿಗೆ 10 ಡಾಲರ್ ಇದ್ದದ್ದು 14 ಡಾಲರ್ ಆಗಿದೆ. ಮಂಡಿಯಲ್ಲಿ ಐದಾರು ಜನ ನೋಡುವವರಿದ್ದರೆ ವರ್ಷಕ್ಕೆ ಭಾರವೇ. ನಾವು ಡೆಸ್ಕ್‌ಟಾಪ್‌ನಿಂದ ಪಿಡಿಎಫ್ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೇವೆ. ಒತ್ತಿ ನೋಡಲು ಬರುವುದಿಲ್ಲ, ಸ್ಲೈಸರ್ ಕೆಲಸ ಮಾಡುವುದಿಲ್ಲ, ಆದರೆ ಯಜಮಾನರಿಗೆ ಬೇಕಾದ ಕೊನೆ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಸೀಸನ್ ಶುರುವಾಗುವ ಮೊದಲೇ, ಕೈಯಲ್ಲಿ ಬಿಡುವಿರುವಾಗ ಕಲಿಯಲು ಶುರು ಮಾಡಿ. ಟೆಂಡರ್ ನಡೆಯುವ ದಿನ ಮಧ್ಯಾಹ್ನ ಕೂತು ಸಮ್‌ಎಕ್ಸ್ ಕಲಿಯುತ್ತೇನೆ ಅಂದರೆ ಆಗುವ ಮಾತಲ್ಲ.